ನಿಂಗನ್‌ನಲ್ಲಿ ಮಲಗಿದ್ದ ಅಪ್ಪ

ಮಗಳ ಶಾಲೆಗೆ ಒಮ್ಮೆಯಾದರೂ ಹೋಗಿದ್ದೆ ಎಂದು ತೋರಿಸಲು ವೇಡ್ ಕಿಸಲ್‌ನ ಬಳಿ ಒಂದು ಚೂರು ಕಾಗದ ಇರಲಿಲ್ಲ. ಫೋಟೋ ಇರಲಿಲ್ಲ. ಶಾಲೆಯ ಆಫೀಸಿನಲ್ಲಿಟ್ಟ ಪುಸ್ತಕದಲ್ಲಿ ಅವನ ಸಹಿ ಇರಲಿಲ್ಲ. ಇದ್ದದ್ದು ಅವನು ಓಡಿಸುವ ಲಾರಿಯ ಲಾಗ್‌ಬುಕ್ ಒಂದೇ. ಅದು ಅವನ ವಿರುದ್ಧವೇ ಇತ್ತು.

"ಒಂಬತ್ತು ದಿನ," ಎಂದರು ಲೊರೇನ್ ಪ್ಯಾಡವನ್. ಅವರು ಅವನ ವಕೀಲೆ. ಅರವತ್ತು ದಾಟಿದವರು, ಡಬ್ಬೋ ಊರಿನ ಅರ್ಧ ವಿಚ್ಛೇದನಗಳನ್ನು ಮಾಡಿಸಿದವರು. "ಈಜು ಸ್ಪರ್ಧೆ, ಓಟದ ದಿನ, ಪುಸ್ತಕ ವಾರದ ಮೆರವಣಿಗೆ, ಇನ್ನೂ ಏನೇನೋ. ಎರಡು ವರ್ಷಕ್ಕೆ ಒಟ್ಟು ಹನ್ನೊಂದು. ಅದರಲ್ಲಿ ಒಂಬತ್ತು ದಿನ ನೀನು ನಿಂಗನ್‌ನಲ್ಲಿ ಲಾರಿಯೊಳಗೆ ಮಲಗಿದ್ದೆ. ಟ್ರೂಡಿಯ ವಕೀಲ ಹೇಳ್ತಿರೋದಲ್ಲ ಇದು. ನೀನೇ ಬರೆದಿದ್ದೀಯ, ಕೆಳಗೆ ಸಹಿ ಹಾಕಿದ್ದೀಯ."

"ನನ್ನ ಪುಸ್ತಕ ಅವನಿಗೆ ಹೇಗೆ ಸಿಕ್ತು?"

"ಸಮನ್ಸ್ ಕಳಿಸಿ ನಿಮ್ಮ ಕಂಪನಿಯಿಂದ ನಕಲು ತರಿಸ್ಕೊಂಡ. ಅದು ಅವನ ಕೆಲಸ. ನಿನ್ನ ಕೆಲಸ ಏನು ಅಂದ್ರೆ, ಮಿಕ್ಕ ಎರಡು ದಿನ ಎಲ್ಲಿದ್ದೆ ಅಂತ ನೆನಪು ಮಾಡ್ಕೊಳ್ಳೋದು."

ಮಿಕ್ಕ ಎರಡು ದಿನ ಅವನು ನಿಜವಾಗಿಯೂ ದೂರದ ಫಾರಂನಲ್ಲಿ ಲಾರಿಗೆ ಕುರಿ ತುಂಬಿಸುತ್ತಿದ್ದ. ಪುಸ್ತಕದಲ್ಲಿದ್ದ ಆ ಒಂಬತ್ತು ದಿನ ಮಾತ್ರ ನಿಂಗನ್‌ನಲ್ಲಿರಲಿಲ್ಲ. ಅದನ್ನು ಅವನು ಹೇಳಲಿಲ್ಲ.

ಹೆಂಡತಿ ಟ್ರೂಡಿಯೂ ಅವನೂ ಬೇರೆಯಾಗಿ ಹದಿನಾಲ್ಕು ತಿಂಗಳಾಗಿತ್ತು. ಹೊಡೆದಾಟವಿಲ್ಲ, ಮೂರನೆಯವರಿಲ್ಲ. ಅವನು ವಾರಕ್ಕೆ ಐದು ರಾತ್ರಿ ರಸ್ತೆಯ ಮೇಲೆ, ಅವಳು ವೃದ್ಧಾಶ್ರಮದಲ್ಲಿ ಬೆಳಗಿನ ಪಾಳಿಯ ದಾದಿ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಗಳಲ್ಲಿ ನಡೆಯುತ್ತಿದ್ದ ಸಂಸಾರ ಒಂದು ದಿನ ಚೀಟಿಯಲ್ಲೇ ಮುಗಿಯಿತು. ವಿಚ್ಛೇದನದ ಕಾಗದಕ್ಕೆ ಇಬ್ಬರೂ ತಕರಾರು ತೆಗೆಯಲಿಲ್ಲ. ತಕರಾರು ಇದ್ದದ್ದು ಒಂಬತ್ತು ವರ್ಷದ ಮಗಳು ಟ್ಯಾನ್ಸಿಯ ಬಗ್ಗೆ. ಎರಡು ವಾರಕ್ಕೆ ಹದಿನಾಲ್ಕು ರಾತ್ರಿ. ಅದರಲ್ಲಿ ಏಳು ತನಗೆ ಬೇಕು ಎಂದ ವೇಡ್. ಎರಡು ಕೊಡುತ್ತೇನೆ ಎಂದಳು ಟ್ರೂಡಿ. ಕಾನೂನಿನ ಪ್ರಕಾರ ಮೊದಲು ಸಂಧಾನಕ್ಕೆ ಕೂತರು, ಅರ್ಧ ದಿನ. ಏಳು ಏಳಾಗಿಯೇ ಉಳಿಯಿತು, ಎರಡು ಎರಡಾಗಿಯೇ ಉಳಿಯಿತು. ಆಮೇಲೆ ಕೋರ್ಟು.

"ಅಪ್ಪಂದಿರಿಗೆ ಇಲ್ಲಿ ಏನೂ ಸಿಗಲ್ಲ ಅಂತಾರೆ," ಎಂದ ವೇಡ್.

"ಯಾರು ಅಂತಾರೆ?"

"ಎಲ್ರೂ. ಪಬ್‌ನಲ್ಲಿ."

"ಪಬ್‌ನಲ್ಲಿ ಕೂತವರು ಸೋತವರು. ಗೆದ್ದವರು ಆ ಹೊತ್ತಿಗೆ ಮನೇಲಿ ಮಕ್ಕಳಿಗೆ ಸ್ನಾನ ಮಾಡಿಸ್ತಿರ್ತಾರೆ." ಲೊರೇನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೇಳು. ಅಪ್ಪನಿಗೆ ಒಂದು ಕಾನೂನು, ಅಮ್ಮನಿಗೆ ಒಂದು ಕಾನೂನು ಅಂತ ಇಲ್ಲ. ಕಸ್ಟಡಿ ಅನ್ನೋ ಪದವನ್ನೇ ಕಾಯಿದೆಯಿಂದ ತೆಗೆದು ಎಷ್ಟೋ ವರ್ಷ ಆಯ್ತು. ಹುಡುಗಿಗೆ ಯಾವುದು ಒಳ್ಳೇದು, ಅಷ್ಟೇ ನೋಡ್ತಾರೆ."

"ಹಾಗಾದ್ರೆ ನಂಗೆ ಹಕ್ಕೇ ಇಲ್ವಾ?"

"ಹಕ್ಕು ಟ್ಯಾನ್ಸಿದು. ನಿನ್ನದು ಬರೀ ಕೆಲಸ. ಆ ಕೆಲಸ ಇಷ್ಟು ವರ್ಷ ಮಾಡಿದ್ದೀಯಾ ಇಲ್ವಾ ಅಂತ ಜಡ್ಜ್ ಕೇಳ್ತಾರೆ. ಏನು ಹೇಳ್ತೀಯ?"

ವೇಡ್ ಟೋಪಿ ತೆಗೆದುಕೊಂಡು ಎದ್ದ.

ಅವನು ಹೇಳದೆ ಬಿಟ್ಟದ್ದು ಇದು. ಅವನು ಕೆಲಸ ಮಾಡುವ ಪ್ರಿಡೋ ಸಹೋದರರ ಕಂಪನಿಯ ಕುರಿ ಲಾರಿಗಳು ಬರ್ಕ್‌ನ ಆಚೆಯ ಫಾರಂಗಳಲ್ಲಿ ಕುರಿ ತುಂಬಿಸಿಕೊಂಡು ಡಬ್ಬೋದ ಸಂತೆಗೆ ಬರುತ್ತವೆ. ತುಂಬಿಸುವುದು ಮುಗಿಯುವಾಗ ಬೆಳಗಿನ ಜಾವ. ಡ್ರೈವರ್ ಇಷ್ಟು ಗಂಟೆ ಕೆಲಸ ಮಾಡಿದ ಮೇಲೆ ಏಳು ಗಂಟೆ ಗಾಡಿ ನಿಲ್ಲಿಸಿ ಮಲಗಲೇಬೇಕು, ಮಲಗಿದ್ದನ್ನು ಲಾಗ್‌ಬುಕ್‌ನಲ್ಲಿ ಗೆರೆ ಎಳೆದು ತೋರಿಸಬೇಕು. ನಮ್ಮ ಕಡೆ ಡ್ರೈವರುಗಳು ಲಾಗ್‌ಬುಕ್ಕನ್ನು ಕಾದಂಬರಿ ಅನ್ನುತ್ತಾರೆ. ವೇಡ್ ಆ ಒಂಬತ್ತು ದಿನ ದಾರಿಯ ನಡುವಿನ ನಿಂಗನ್‌ನಲ್ಲಿ ಏಳು ಗಂಟೆಯ ಗೆರೆ ಎಳೆದು, ಎರಡು ಗಂಟೆ ಮಲಗಿ, ಹೊರಟು ಬಂದಿದ್ದ. ಸಂತೆಯಲ್ಲಿ ಕುರಿ ಇಳಿಸಿ, ಲಾರಿಯನ್ನು ತೊಳೆಯುವ ಜಾಗದ ಹಿಂದೆ ನಿಲ್ಲಿಸಿ, ಶಾಲೆಯವರೆಗೆ ನಡೆದು ಹೋಗುತ್ತಿದ್ದ. ಮಾಲೀಕ ನೆವ್ ಪ್ರಿಡೋಗೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಬೇಗ ಬಂದ ಕುರಿ ಯಾವ ಮಾಲೀಕನಿಗೆ ಬೇಡ? ಅವನು ಲಾರಿಗಳಿಗೆ ಟ್ರ್ಯಾಕರ್ ಹಾಕಿಸಿರಲಿಲ್ಲ, ಹಾಕಿಸದಿರಲು ಅವನಿಗೆ ಅವನ ಕಾರಣಗಳಿದ್ದವು.

ಪುಸ್ತಕದ ಪ್ರಕಾರ ನಿಂಗನ್‌ನಲ್ಲಿ ಮಲಗಿರುವವನು ಶಾಲೆಯ ಫೋಟೋದಲ್ಲಿ ಕಾಣಿಸಿಕೊಳ್ಳುವಂತಿಲ್ಲ. ಶಾಲೆಯವರು ಫೋಟೋಗಳನ್ನು ಫೇಸ್‌ಬುಕ್‌ಗೆ ಹಾಕುತ್ತಾರೆ, ಅದನ್ನು ಊರೆಲ್ಲ ನೋಡುತ್ತದೆ. ಹಾಗಾಗಿ ವೇಡ್ ಕ್ಯಾಂಟೀನಿನ ಹಿಂದೆ ನಿಲ್ಲುತ್ತಿದ್ದ. ಆಫೀಸಿನ ಕಡೆಗೆ ಹೋಗುತ್ತಿರಲಿಲ್ಲ. ಮಗಳನ್ನು ಬೇಲಿಯ ಹತ್ತಿರ ಕರೆದು ಹೇಳಿದ್ದ:

"ಅಪ್ಪ ಬಂದಿದ್ದ ಅಂತ ಯಾರ್ಗೂ ಹೇಳ್ಬೇಡ. ಅಮ್ಮಂಗೂ."

"ಯಾಕೆ?"

"ಹೇಳಿದ್ರೆ ಅಪ್ಪನ ಕೆಲಸ ಹೋಗುತ್ತೆ. ಪ್ರಾಮಿಸ್?"

"ಪ್ರಾಮಿಸ್."

ಅಮ್ಮನಿಗೂ ಎಂದದ್ದು ಯಾಕೆಂದರೆ ಟ್ರೂಡಿಯ ಅಕ್ಕನ ಗಂಡ ರಸ್ತೆ ಸಾರಿಗೆಯ ತಪಾಸಣೆಯವನು. ಕಾರಣ ಸರಿಯಾಗಿಯೇ ಇತ್ತು. ಟ್ಯಾನ್ಸಿ ಮಾತಿಗೆ ತಪ್ಪುವ ಹುಡುಗಿಯಲ್ಲ. ತೊಂದರೆಯಾದದ್ದು ಅದರಿಂದಲೇ.

ತೀರ್ಪಿಗೆ ಮೊದಲು ಕೋರ್ಟು ಒಬ್ಬ ತಜ್ಞರನ್ನು ಕಳಿಸುತ್ತದೆ. ಅವರು ಒಂದು ದಿನ ಕೂತು ಅಪ್ಪ, ಅಮ್ಮ, ಮಗು ಮೂವರ ಜೊತೆ ಮಾತಾಡಿ ವರದಿ ಬರೆಯುತ್ತಾರೆ. ಜಡ್ಜ್ ಎಲ್ಲಕ್ಕಿಂತ ಮೊದಲು ಓದುವುದು ಆ ವರದಿಯನ್ನು. ಮೇ ತಿಂಗಳ ಒಂದು ಗುರುವಾರ ಸಿಡ್ನಿಯಿಂದ ಬಂದವರು ಮಿಸೆಸ್ ಲೆಮಾಲು. ದೊಡ್ಡ ಮೈಕಟ್ಟು, ಸಣ್ಣ ದನಿ. ಬೆಳಗ್ಗೆ ಟ್ರೂಡಿಯ ಜೊತೆ ಒಂದೂವರೆ ಗಂಟೆ, ಟ್ಯಾನ್ಸಿಯ ಜೊತೆ ಒಂದು ಗಂಟೆ. ಆಮೇಲೆ ವೇಡ್‌ನನ್ನು ಕರೆದರು.

ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಎರಡು ಸಲ ಸ್ನಾನ ಮಾಡಿದ್ದ. ಕುರಿಯ ವಾಸನೆ ಪೂರ್ತಿ ಹೋಗಿರಲಿಲ್ಲ.

"ಟ್ಯಾನ್ಸಿಗೆ ಏನು ತಿನ್ನೋದು ಇಷ್ಟ?"

"ಕುರಿಮಾಂಸದ ಚಾಪ್ಸ್. ಬಟಾಣಿ ಆಗಲ್ಲ. ತಟ್ಟೆ ಕೆಳಗೆ ಬಚ್ಚಿಡ್ತಾಳೆ."

"ಅವಳ ಟೀಚರ್ ಯಾರು?"

"ಮಿಸ್ ಬೋರ್ಗ್. ಒಳ್ಳೆಯವಳು. ಆದ್ರೆ ಓಟ ಶುರು ಮಾಡಿಸೋಕೆ ಬರಲ್ಲ. ಮಕ್ಕಳು ಗೆರೆ ಮೇಲೆ ನಿಲ್ಲೋಕೆ ಮುಂಚೆನೇ ಪೀಪಿ ಊದಿಬಿಡ್ತಾಳೆ."

ಮಿಸೆಸ್ ಲೆಮಾಲು ಪೆನ್ನು ನಿಲ್ಲಿಸಿದರು. "ಯಾವ ಓಟ?"

ವೇಡ್ ಕಿಟಕಿಯ ಕಡೆ ನೋಡಿದ.

"ಮಿಸ್ ಬೋರ್ಗ್ ಈ ವರ್ಷ ಬಂದವರು. ಈ ವರ್ಷದ ಓಟದ ದಿನ ನೀವು ನಿಂಗನ್‌ನಲ್ಲಿ ಮಲಗಿದ್ರಿ ಅಂತ ನಿಮ್ಮ ಪುಸ್ತಕದಲ್ಲಿದೆ."

"ಹೌದು. ಯಾರೋ ಹೇಳಿದ್ರು, ಅದಕ್ಕೆ ಗೊತ್ತು."

ಅವರು ಬರೆದುಕೊಳ್ಳಲಿಲ್ಲ. ಟಿಪ್ಪಣಿ ಪುಸ್ತಕ ಮುಚ್ಚಿದರು. "ಬೆಳಗ್ಗೆ ಟ್ಯಾನ್ಸಿನ ಕೇಳ್ದೆ, ಶಾಲೆಗೆ ನಿನ್ನ ನೋಡೋಕೆ ಯಾರು ಬರ್ತಾರೆ ಅಂತ. ಯಾರೂ ಇಲ್ಲ ಅಂದ್ಲು. ಆಮೇಲೆ ನನ್ನನ್ನೇ ಒಂದು ಪ್ರಶ್ನೆ ಕೇಳಿದ್ಲು. ಒಬ್ಬರಿಗೆ ಪ್ರಾಮಿಸ್ ಮಾಡಿದ್ರೆ, ಜಡ್ಜ್ ಕೇಳಿದ್ರೂ ಹೇಳಬಾರ್ದಾ ಅಂತ."

ವೇಡ್ ಅಂಗಿಯ ತೋಳು ಮಡಿಸಿ, ಮತ್ತೆ ಬಿಚ್ಚಿದ.

"ಎರಡು ವಾರದಿಂದ ಹೊಟ್ಟೆನೋವು ಅಂತ ಶಾಲೆಗೆ ಹೋಗಿಲ್ವಂತೆ. ಡಾಕ್ಟರ್ ಏನೂ ಇಲ್ಲ ಅಂದ್ರಂತೆ. ಅಮ್ಮನ ಪ್ರಕಾರ ಇದು ಶುರುವಾಗಿದ್ದು ನಾನು ಬರ್ತೀನಿ ಅಂತ ಅವಳಿಗೆ ತಿಳಿಸಿದ ದಿನ."

"ನಾನು ಐದು ನಿಮಿಷ ಹೊರಗೆ ಹೋಗ್ಬಹುದಾ?"

"ಹೋಗಿ. ಒಂದು ಮಾತು. ಇಲ್ಲಿ ಹೇಳಿದ್ದು ಗುಟ್ಟಾಗಿ ಇರಲ್ಲ. ಸಂಧಾನದ ಹಾಗಲ್ಲ ಇದು. ನೀವು ಏನು ಹೇಳಿದ್ರೂ ನಾನು ಬರೀತೀನಿ."

ಅವನು ಕಾರು ನಿಲ್ಲಿಸುವ ಜಾಗದಲ್ಲಿ ನಿಂತು ಲೊರೇನ್‌ಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದ.

"ಲೊರೇನ್?"

"ಇದ್ದೀನಿ. ಬೈಗುಳ ಹುಡುಕ್ತಿದ್ದೀನಿ." ಆಮೇಲೆ ವಕೀಲೆಯ ದನಿ ಬಂತು. "ಇವತ್ತು ಬಾಯಿ ಬಿಡಬೇಡ. ಇದಕ್ಕೆ ಒಂದು ದಾರಿ ಇದೆ. ಜಡ್ಜ್ ಮುಂದೆ ಕೇಳ್ಕೊಂಡ್ರೆ, ನೀನು ಅಲ್ಲಿ ಒಪ್ಪಿಕೊಂಡದ್ದನ್ನ ಬೇರೆ ಕೋರ್ಟಲ್ಲಿ ನಿನ್ನ ವಿರುದ್ಧ ಬಳಸಬಾರದು ಅಂತ ಒಂದು ಸರ್ಟಿಫಿಕೇಟ್ ಕೊಡಬಹುದು. ಅದನ್ನ ತಗೊಂಡು ಆಮೇಲೆ ಹೇಳು."

"ಎಷ್ಟು ದಿನ?"

"ವಿಚಾರಣೆ ಇರೋದು ಆಗಸ್ಟ್‌ನಲ್ಲಿ."

"ಮೂರು ತಿಂಗಳು."

"ಮೂರೇ ತಿಂಗಳು."

"ಅಲ್ಲೀತನಕ ಅವಳು ಹೊಟ್ಟೆ ಹಿಡ್ಕೊಂಡು ಕೂತಿರ್ಬೇಕಾ?"

"ನಾನು ನಿನ್ನ ವಕೀಲೆ, ವೇಡ್. ಹೊಟ್ಟೆನೋವಿನ ಡಾಕ್ಟರ್ ಅಲ್ಲ. ಈಗ ಹೇಳಿದ್ರೆ ಕೆಲಸ ಹೋಗುತ್ತೆ. ಏಳು ರಾತ್ರಿ ಸಿಗುತ್ತೆ ಅಂತಲೂ ಹೇಳೋಕಾಗಲ್ಲ. ಮಗು ಕೈಲಿ ಗುಟ್ಟು ಹೊರಿಸಿದ ಅಪ್ಪ ಅಂತ ಬರೆದ್ರೆ ಎರಡು ರಾತ್ರಿ ಸಿಗೋದೂ ಕಷ್ಟ."

"ಆಯ್ತು," ಎಂದು ಅವನು ಫೋನ್ ಜೇಬಿಗೆ ಹಾಕಿಕೊಂಡ. ಒಳಗೆ ಹೋಗಿ ಕೂತು, ಒಂಬತ್ತು ದಿನವನ್ನೂ ಒಂದೊಂದಾಗಿ ಹೇಳಿದ. ಮಿಸೆಸ್ ಲೆಮಾಲು ನಾಲ್ಕು ಪುಟ ಬರೆದರು. ಮಧ್ಯೆ ಒಮ್ಮೆ ಮಾತ್ರ ಕೇಳಿದರು: "ಎರಡು ಗಂಟೆ ನಿದ್ದೆ ಮಾಡಿ ಓಡಿಸಿದ್ರಾ?" ಹೌದು ಎಂದ. ಅದನ್ನೂ ಬರೆದರು.

"ಟ್ಯಾನ್ಸಿನ ಕರೀತೀರಾ? ನಾನೇ ಹೇಳಬೇಕು. ನೀವು ಹೇಳಿದ್ರೆ ನಂಬಲ್ಲ."

ಟ್ಯಾನ್ಸಿ ಬಂದು ಬಾಗಿಲ ಹತ್ತಿರವೇ ನಿಂತಳು. ಕಾಲುಚೀಲ ಒಂದು ಮೇಲೆ, ಒಂದು ಕೆಳಗೆ.

"ಟ್ಯಾನ್ಸ್, ಆ ಪ್ರಾಮಿಸ್ ಮುಗೀತು. ಇನ್ನು ಹೇಳಬಹುದು."

"ಯಾವ ಪ್ರಾಮಿಸ್?" ಎಂದಳು, ಕಳ್ಳನ ಮುಖ ಮಾಡಿಕೊಂಡು.

"ಬೇಲಿ ಹತ್ರದ್ದು."

ಅವಳು ಮಿಸೆಸ್ ಲೆಮಾಲು ಕಡೆ ನೋಡಿದಳು, ಅಪ್ಪನ ಕಡೆ ನೋಡಿದಳು. "ಎಲ್ಲಾನಾ?"

"ಎಲ್ಲಾ."

"ನಿನ್ನ ಕೆಲಸ?"

"ಬೇರೆ ಹುಡುಕ್ಕೋತೀನಿ. ತಪ್ಪು ನಂದು. ನಿನ್ನ ಹತ್ರ ಆ ಪ್ರಾಮಿಸ್ ಮಾಡಿಸ್ಕೊಳ್ಳಬಾರದಿತ್ತು."

ಆಮೇಲೆ ಅವಳನ್ನು ನಿಲ್ಲಿಸುವುದೇ ಕಷ್ಟವಾಯಿತು. ಅಪ್ಪ ಕ್ಯಾಂಟೀನ್ ಹಿಂದೆ ನಿಂತು ಬ್ರೆಡ್ಡಿನಲ್ಲಿ ಸುತ್ತಿದ ಸಾಸೇಜು ನಾಲ್ಕು ತಿಂದಿದ್ದು. ಕ್ಯಾಂಟೀನ್ ನಡೆಸುವ ಡಾಟ್ ಅವನಿಗೆ ಸುಮ್ಮನೆ ನಿಲ್ಲುವ ಬದಲು ಈರುಳ್ಳಿ ಹೆಚ್ಚು ಎಂದು ಚಾಕು ಕೊಟ್ಟಿದ್ದು. ಈರುಳ್ಳಿ ಹೆಚ್ಚಿ ಅವನು ಅತ್ತಿದ್ದು. ಪುಸ್ತಕ ವಾರದಲ್ಲಿ ತಾನು ಜಿರಳೆ ವೇಷ ಹಾಕಿದಾಗ ಒಂದು ಕಾಲು ಬಿದ್ದುಹೋಗಿ ಅಪ್ಪ ಕುರಿ ಕಟ್ಟುವ ಹಗ್ಗದಲ್ಲಿ ಕಟ್ಟಿಕೊಟ್ಟಿದ್ದು. ಇಡೀ ದಿನ ಜಿರಳೆ ಕುರಿ ವಾಸನೆ ಹೊಡೆದಿದ್ದು.

"ಮತ್ತೆ ಈಜು ದಿನ ಅವನು ಬಂದಿದ್ದಾನೆ ಅಂತ ನಂಗೆ ನೀರಲ್ಲೇ ಗೊತ್ತಾಯ್ತು," ಎಂದಳು. "ಶಿಳ್ಳೆ ಹೊಡೆದ. ನಾಯಿನ ಕರೆಯೋ ಶಿಳ್ಳೆ."

"ನೀನು ಗೆದ್ದೆಯಾ?" ಎಂದು ಕೇಳಿದರು ಮಿಸೆಸ್ ಲೆಮಾಲು.

"ಇಲ್ಲ. ನಿಂತು ನೋಡ್ದೆ. ಅದಕ್ಕೇ ಕೊನೇದಾದೆ."

ಟ್ರೂಡಿ ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ವೇಡ್ ಎದುರಿಗೆ ನಿಂತೇ ಹೇಳಿದ. ಅವಳು ಕೇಳಿ ಮುಗಿಸಿದ ಮೇಲೆ ಎದ್ದು ನಿಂತಳು.

"ಎರಡು ಗಂಟೆ ನಿದ್ದೆ ಮಾಡಿ, ಐನೂರು ಕುರಿ ತುಂಬಿದ ಲಾರಿ ಓಡಿಸ್ಕೊಂಡು ಬಂದೆ. ಗೋಣಿಚೀಲದ ಓಟ ನೋಡೋಕೆ."

"ಹೌದು."

"ಎದುರಿಗೆ ಶಾಲೆ ಬಸ್ಸು ಬಂದಿದ್ರೆ?"

ವೇಡ್ ತನ್ನ ಬೂಟುಗಳನ್ನು ನೋಡಿಕೊಂಡ.

"ನೀನು ಪೆದ್ದ, ವೇಡ್. ಹೇಳಿದ್ರೆ ನಾನು ಭಾವಂಗೆ ಹೇಳ್ತಿದ್ದೆ ಅಂದ್ಕೊಂಡ್ಯಾ?"

"ಹೇಳ್ತಿರಲಿಲ್ವಾ?"

ಅವಳು ಯೋಚಿಸಿದಳು. "ಹೇಳ್ತಿದ್ದೆ. ಆ ಬಸ್ಸಿನ ಸಲುವಾಗಿ ಹೇಳ್ತಿದ್ದೆ." ಮತ್ತೆ ಬೆಂಚಿನಲ್ಲಿ ಕೂತಳು. ಆಮೇಲೆ ಕೇಳಿದಳು: "ಗೋಣಿಚೀಲದಲ್ಲಿ ಎಷ್ಟನೇದು ಬಂದ್ಲು? ನಂಗೆ ಎರಡನೇದು ಅಂದಿದ್ಲು."

"ಆರನೇದು."

"ಗುಟ್ಟು ಮಾತ್ರ ಕಾಪಾಡ್ತಾಳೆ, ಸುಳ್ಳು ಹೇಳೋಕೆ ಅಡ್ಡಿ ಇಲ್ಲ," ಎಂದಳು ಟ್ರೂಡಿ. ಅವಳ ಬಾಯಿಯ ಒಂದು ತುದಿ ಮೇಲೆ ಹೋಯಿತು. "ಎಂಟು ಜನದಲ್ಲಿ ಆರಾ?"

"ಆರು ಜನದಲ್ಲಿ."

ಟ್ರೂಡಿ ನಕ್ಕಳು. ಅವಳ ನಗು ಕೇಳಿ ಅವನಿಗೆ ಎಷ್ಟೋ ದಿನವಾಗಿತ್ತು. ಹಾಗಂತ ಅವರು ಮತ್ತೆ ಒಂದಾಗಲಿಲ್ಲ, ಆಗುವ ಯೋಚನೆ ಇಬ್ಬರಿಗೂ ಬರಲಿಲ್ಲ.

ಹೇಳಿದ್ದಷ್ಟೇ ಸಾಲದು, ಸಾಕ್ಷಿ ಬೇಕು ಎಂದು ಲೊರೇನ್ ಸಂತೆಯ ಆಫೀಸಿನಿಂದ ಕುರಿ ಇಳಿಸಿದ ಚೀಟಿಗಳನ್ನು ಕೋರ್ಟಿನ ಮೂಲಕ ತರಿಸಿದರು. ಒಂಬತ್ತು ಚೀಟಿಯಲ್ಲೂ ಸಮಯ ಅಚ್ಚಾಗಿತ್ತು, ಒಂಬತ್ತೂ ಬೆಳಗಿನ ಹತ್ತು ಗಂಟೆಯ ಒಳಗಿನವು. ಸಮನ್ಸ್ ಸಂತೆಗೆ ಮುಟ್ಟಿದ್ದು ಬೆಳಗ್ಗೆ, ಸುದ್ದಿ ನೆವ್‌ಗೆ ಮುಟ್ಟಿದ್ದು ಮಧ್ಯಾಹ್ನದ ಊಟದೊಳಗೆ.

"ಲೋ, ತಲೆಯಲ್ಲಿ ಏನಿದೆಯೋ ನಿಂಗೆ?" ಎಂದ ನೆವ್. ಗ್ಯಾರೇಜಿನಲ್ಲಿ ಎಲ್ಲರೂ ಕೇಳುವಂತೆಯೇ. "ಎಲ್ರೂ ಬರೆಯೋದೇ ಹಂಗೆ. ಬರೆದು ಸುಮ್ನಿರ್ತಾರೆ. ನೀನೊಬ್ಬ ಕೋರ್ಟಿಗೆ ಹೋಗಿ ಓದಿ ಹೇಳಿದ್ದೀಯ."

"ನಿಂಗೂ ಗೊತ್ತಿತ್ತಲ್ಲ, ನೆವ್."

"ನಂಗೇನು ಗೊತ್ತು? ನಂಗೆ ಪುಸ್ತಕ ಗೊತ್ತು. ಪುಸ್ತಕದಲ್ಲಿ ನೀನು ಮಲಗಿದ್ದೆ." ಅವನು ಕೈ ಚಾಚಿದ. "ಕೀ ಕೊಡು."

ವೇಡ್ ಕೊಟ್ಟ. ಲಾರಿಯೊಳಗಿದ್ದ ಹಾಸಿಗೆ, ಕೆಟಲ್, ಟ್ಯಾನ್ಸಿ ಬರೆದು ಕೊಟ್ಟಿದ್ದ ಕುದುರೆಯ ಚಿತ್ರ ತೆಗೆದುಕೊಂಡು ಬಸ್ಸಿನಲ್ಲಿ ಮನೆಗೆ ಹೋದ. ಕುದುರೆಗೆ ಐದು ಕಾಲಿದ್ದವು, ಅವನು ಯಾವತ್ತೂ ಅದನ್ನು ಕೇಳಿರಲಿಲ್ಲ.

ಮುಂದಿನ ತಿಂಗಳು ತಪಾಸಣೆಯವರು ಬಂದು ಪ್ರಿಡೋ ಕಂಪನಿಯ ಎಲ್ಲ ಪುಸ್ತಕಗಳನ್ನೂ ಸಂತೆಯ ಚೀಟಿಗಳ ಪಕ್ಕ ಇಟ್ಟು ನೋಡಿದರು. ವೇಡ್ ಜೊತೆಗೆ ಇನ್ನೂ ಮೂವರು ಡ್ರೈವರುಗಳಿಗೆ ದಂಡ ಬಿತ್ತು. ಆ ಮೂವರಲ್ಲಿ ಯಾರೂ ಮಗಳ ಈಜು ನೋಡಲು ಬಂದವರಲ್ಲ, ಆದರೆ ಪುಸ್ತಕಗಳು ಒಂದೇ ಥರ ಇದ್ದವು. ಅವರಲ್ಲಿ ಒಬ್ಬ ವೇಡ್‌ನ ಮದುವೆಯಲ್ಲಿ ಮದುಮಗನ ಗೆಳೆಯನಾಗಿ ಪಕ್ಕದಲ್ಲಿ ನಿಂತವನು.

ವರದಿ ಜುಲೈಯಲ್ಲಿ ಬಂತು. ಲೊರೇನ್ ಓದಿ ಹೇಳಿದರು. ನಿದ್ದೆಗೆಟ್ಟು ಲಾರಿ ಓಡಿಸಿದ್ದು ಅಪಾಯ ಎಂದಿತ್ತು. ಮಗುವಿನ ಮೇಲೆ ಗುಟ್ಟಿನ ಹೊರೆ ಹಾಕಿದ್ದು ಗಂಭೀರ ತಪ್ಪು ಎಂದಿತ್ತು. ತಪ್ಪನ್ನು ಮಗುವಿನ ಎದುರೇ ಒಪ್ಪಿಕೊಂಡು ಅವಳನ್ನು ಬಿಡುಗಡೆ ಮಾಡಿದ ಎಂದೂ ಇತ್ತು. ಮಾರನೆಯ ದಿನದಿಂದ ಮಗು ಶಾಲೆಗೆ ಹೋಗುತ್ತಿದೆ ಎಂದಿತ್ತು. ಕೊನೆಯಲ್ಲಿ ಶಿಫಾರಸು: ಎರಡು ವಾರಕ್ಕೆ ಐದು ರಾತ್ರಿ ಅಪ್ಪನ ಮನೆಯಲ್ಲಿ.

"ಏಳು ರಾತ್ರಿನೇ ಬೇಕು ಅಂತ ಹಟ ಹಿಡಿದ್ರೆ?" ಎಂದ ವೇಡ್.

"ಹಿಡಿ. ಜಡ್ಜ್ ಮುಂದೆ ಟ್ರೂಡಿಯ ವಕೀಲ ಲಾಗ್‌ಬುಕ್‌ನ ಒಂಬತ್ತು ಪುಟವನ್ನೂ ಗಟ್ಟಿಯಾಗಿ ಓದ್ತಾನೆ. ಪ್ರತಿ ಪುಟಕ್ಕೂ, ಮಿಸ್ಟರ್ ಕಿಸಲ್, ಇದೂ ಸುಳ್ಳಾ ಅಂತಾನೆ. ನೀನು ಹೌದು ಅಂತೀಯ. ಒಂಬತ್ತು ಸಲ. ಆಮೇಲೆ ಎರಡು ಕೊಟ್ರೂ ನಾನು ಆಶ್ಚರ್ಯಪಡಲ್ಲ."

"ಐದು ಸಾಕು."

"ಬುದ್ಧಿ ಬಂತು. ತಡವಾಗಿ."

ಆಗಸ್ಟ್‌ನಲ್ಲಿ ವಿಚಾರಣೆ ನಡೆಯಲೇ ಇಲ್ಲ. ಕೋರ್ಟಿನ ಬಾಗಿಲಲ್ಲಿ, ಕಾಫಿ ಯಂತ್ರದ ಪಕ್ಕ, ಟ್ರೂಡಿ ಮತ್ತು ವೇಡ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಟ್ರೂಡಿ ತಾನಾಗಿಯೇ ಒಂದು ಸಾಲು ಸೇರಿಸಿದ್ದಳು: ಶಾಲೆಯ ಯಾವ ಕಾರ್ಯಕ್ರಮಕ್ಕೂ ಇಬ್ಬರೂ ಬರಬಹುದು. ಜಡ್ಜ್ ಅದನ್ನು ಹತ್ತು ನಿಮಿಷದಲ್ಲಿ ಆದೇಶವಾಗಿಸಿದರು, ಮುಂದಿನವರನ್ನು ಕರೆದರು.

ಬರ್ಕ್ ರಸ್ತೆಯ ಯಾವ ಕಂಪನಿಯೂ ವೇಡ್‌ನನ್ನು ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ. ಈಗ ಅವನು ಸಂತೆಯಲ್ಲೇ ಇದ್ದಾನೆ, ಬೇರೆಯವರ ಲಾರಿಯಿಂದ ಇಳಿದ ಕುರಿಗಳನ್ನು ಎಣಿಸಿ ಕೊಟ್ಟಿಗೆಗೆ ಹೊಡೆಯುವ ಕೆಲಸ. ಸಂಬಳ ಕಡಿಮೆ. ಮಧ್ಯಾಹ್ನ ಎರಡಕ್ಕೆ ಮುಗಿಯುತ್ತದೆ. ಎರಡೂವರೆಗೆ ಶಾಲೆಯ ಗೇಟಿನಲ್ಲಿರುತ್ತಾನೆ, ಬೂಟಿನಲ್ಲಿ ಗೊಬ್ಬರ ಇದ್ದಹಾಗೆಯೇ. ಬೇರೆ ಮಕ್ಕಳ ಅಮ್ಮಂದಿರು ಸ್ವಲ್ಪ ದೂರ ನಿಲ್ಲುತ್ತಾರೆ, ಅದರಿಂದ ಅವನಿಗೆ ತೊಂದರೆಯಿಲ್ಲ. ಏಳು ಗಂಟೆ ಎಂದರೆ ಏಳು ಗಂಟೆ ನಿದ್ದೆ ಮಾಡುತ್ತಾನೆ. ಹದಿನಾಲ್ಕು ವರ್ಷದಲ್ಲಿ ಇಷ್ಟು ನಿದ್ದೆ ಮಾಡಿರಲಿಲ್ಲ, ಮುಖ ತುಂಬಿಕೊಂಡಿದೆ.

ಮೊನ್ನೆ ಬುಧವಾರ ಟ್ಯಾನ್ಸಿ ಅಡುಗೆಮನೆಯ ಮೇಜಿನ ಮೇಲೆ ಭಿನ್ನರಾಶಿ ಲೆಕ್ಕ ಮಾಡುತ್ತಾ ಕೂತಿದ್ದಳು. ಅವನು ಚಾಪ್ಸ್ ಹುರಿಯುತ್ತಿದ್ದ.

"ಅಪ್ಪಾ, ಹದಿನಾಲ್ಕರಲ್ಲಿ ಐದು ಅಂದ್ರೆ ಅರ್ಧಕ್ಕಿಂತ ಕಮ್ಮಿ."

"ಗೊತ್ತು."

"ಮೂರರಲ್ಲಿ ಒಂದಕ್ಕಿಂತ ಜಾಸ್ತಿ."

"ಅದೂ ಗೊತ್ತು. ಲೆಕ್ಕ ಮಾಡು."

"ಇದೇ ಲೆಕ್ಕ ಮಾಡ್ತಿರೋದು. ಅಮ್ಮನ ಮನೇಲಿ ಚಾಪ್ಸ್ ಜೊತೆ ಬಟಾಣಿ ಹಾಕಲ್ಲ, ಗೊತ್ತಾ?"

"ಹಾಕ್ತಾಳೆ. ಬೆಳಗ್ಗೆನೇ ಮೆಸೇಜ್ ಕಳಿಸಿದ್ದಾಳೆ. ಹದಿನೈದು ಕಾಳು ತಿನ್ನಿಸು ಅಂತ."

"ನೀವಿಬ್ರೂ ಮಾತಾಡ್ತೀರಾ?" ಎಂದಳು ಟ್ಯಾನ್ಸಿ. ಮೋಸ ಹೋದವಳ ದನಿ.

"ಬಟಾಣಿ ಬಗ್ಗೆ ಮಾತ್ರ."

ಅವಳು ಹನ್ನೊಂದು ತಿಂದಳು. ಅವನು ಮಿಕ್ಕ ನಾಲ್ಕನ್ನು ಬಿಟ್ಟುಕೊಟ್ಟ, ಟ್ರೂಡಿಗೆ ಹನ್ನೊಂದು ಎಂದೇ ಬರೆದು ಕಳಿಸಿದ. ಆಮೇಲೆ ಇಬ್ಬರೂ ತಟ್ಟೆ ತೊಳೆದರು. ಹೊರಗೆ ಇನ್ನೂ ಬೆಳಕಿತ್ತು.

ಹೋದದ್ದು ಇಷ್ಟು: ಹದಿನಾಲ್ಕು ವರ್ಷದ ಕೆಲಸ ಒಂದು, ಗೆಳೆಯರು ಮೂವರು, ಎರಡು ವಾರಕ್ಕೆ ಕೇಳಿದ್ದ ಏಳು ರಾತ್ರಿಯಲ್ಲಿ ಎರಡು.